ಭಾನುವಾರದ ಸ್ಕೂಬಾ: ಹೆಸರು ಕೊಟ್ಟ ಜೋಡಿಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸ್ಕೂಬಾ ಡೈವಿಂಗ್‌ಗೆ ಹೆಸರು ಕೊಟ್ಟಿರುವ ನಾಲ್ಕು ಜೋಡಿಗಳಿಗೆ ಈ ಸೂಚನೆ. ಭಾನುವಾರ ಬೆಳಗಿನ ಜಾವ 4.30ಕ್ಕೆ ಉಡುಪಿಯ ಕರಾವಳಿ ಬೈಪಾಸ್‌ನಿಂದ ಟೆಂಪೊ ಹೊರಡುತ್ತದೆ. ಮುರ್ಡೇಶ್ವರ ಸುಮಾರು 100 ಕಿ.ಮೀ.; ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ದೋಣಿ. ಹೊಟ್ಟೆ ತುಂಬ ಬನ್ಸ್ ತಿಂದು ದೋಣಿ ಹತ್ತಬೇಡಿ, ಎರಡು ಇಡ್ಲಿ ಸಾಕು.

ನೆಗಡಿ, ಕಿವಿನೋವು ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ನೀರಿನಲ್ಲಿ 10 ಮೀಟರ್ ಇಳಿದರೆ ಕಿವಿಯ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿದಾಗ ಕಟ್ಟಿದ ಕಿವಿ ಬಿಡದಿದ್ದರೆ ಇಳಿಯುವಂತಿಲ್ಲ. ಆಸ್ತಮಾ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.

ನೀರಿನಡಿಯಲ್ಲಿ ಉಸಿರು ಬಿಗಿಹಿಡಿಯಲೇಬಾರದು. ಇನ್ನೊಂದು: ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ, ‘ಚೆನ್ನಾಗಿದೆ’ ಎಂದಲ್ಲ. ಈಜುಕೊಳದಲ್ಲಿ ನಮ್ಮಿಬ್ಬರ ಮೊದಲ ಪಾಠದ ದಿನ ನಮ್ಮ ಯಜಮಾನರು ಖುಷಿಯಿಂದ ಹೆಬ್ಬೆರಳು ಎತ್ತಿದ್ದೇ ಎತ್ತಿದ್ದು. ತರಬೇತುದಾರರು ಮೂರು ಸಲ ಅವರನ್ನು ಮೇಲೆ ತಂದರು. ತಳದಲ್ಲಿ ನಾನು ಇನ್ನೊಬ್ಬ ತರಬೇತುದಾರರ ಕೈ ಹಿಡಿದು ಕಾದಿದ್ದೇ ಬಂತು! ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ‘ಸರಿ ಇದ್ದೇನೆ’. ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಭಾನುವಾರ ರಾತ್ರಿಯೇ ಬಜ್ಪೆಯಿಂದ ವಿಮಾನ ಹತ್ತುವ ಯೋಚನೆ ಇದ್ದರೆ ಬಿಡಿ. ಡೈವಿಂಗ್ ಮುಗಿದು 18 ಗಂಟೆಯಾದರೂ ಕಳೆಯಲಿ.

ಬರುವುದು ಖಚಿತವೇ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಇಬ್ಬರ ವಯಸ್ಸು, ತೂಕ ಮಾತ್ರ ನನಗೆ ಪ್ರತ್ಯೇಕವಾಗಿ ಕಳುಹಿಸಿ.