ಅಪ್ಪಾಜಿ ಅಂಗಿಯ ಅಳತೆ

ಸ್ಟಾಕ್‌ಹೋಮ್
ಭಾನುವಾರ ಬೆಳಿಗ್ಗೆ

ಅಮ್ಮನಿಗೆ ನಮಸ್ಕಾರ.

ನಾವು ಮೂವರೂ ಚೆನ್ನಾಗಿದ್ದೇವೆ. ನೀನು ಬರೆದ ಕಾಗದವನ್ನು ಅತ್ತಿಗೆ ಫೋಟೊ ತೆಗೆದು ಕಳಿಸಿದ್ದರು. ಇದನ್ನೂ ಅವರ ಫೋನಿಗೇ ಕಳಿಸುತ್ತೇನೆ. ಅಡುಗೆಮನೆಯಲ್ಲಿ ಕೂತು ಓದಿ ಹೇಳಲಿ, ಜಗಲಿಯಲ್ಲಿ ಬೇಡ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಪಕ್ಕದಲ್ಲೇ ಅಪ್ಪಾಜಿ ಕೂತಿರುತ್ತಾರೆ. ಅವರಿಲ್ಲದ ದಿನ ನೆಟ್‌ವರ್ಕ್ ಇರುವುದಿಲ್ಲ. ಅದಕ್ಕೇ ಕಾಗದ.

ಟಿಕೆಟ್ ಆಗಿದೆ. ಜುಲೈ 4ಕ್ಕೆ ಹೊರಟು 5ಕ್ಕೆ ಬೆಂಗಳೂರು. ಐದು ವಾರ ಇರುತ್ತೇವೆ. "ಮಳೆಗಾಲದಲ್ಲಿ ಯಾಕೆ ಬರ್ತೀಯ, ಕಾಫಿ ಕೊಯ್ಲಿಗೆ ಬಾ" ಅಂತ ಬರೆದಿದ್ದೀಯ. ಏನು ಮಾಡಲಿ ಅಮ್ಮ. ಇಲ್ಲಿ ವರ್ಷಕ್ಕೆ 25 ದಿನ ರಜೆ ಕೊಡಲೇಬೇಕು ಅಂತ ಕಾನೂನು. ಅದರಲ್ಲಿ ನಾಲ್ಕು ವಾರ ಒಟ್ಟಿಗೇ ಸಿಗುವುದು ಜೂನ್, ಜುಲೈ, ಆಗಸ್ಟ್‌ನಲ್ಲಿ. ಇಲ್ಲಿಯವರಿಗೆ ಅದು ಬೇಸಿಗೆ. ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ, ಬೆಳಗಿನ ಜಾವ ಮೂರೂವರೆಗೆ ಮತ್ತೆ ಸೂರ್ಯ ಬಂದು ಕೂತಿರುತ್ತಾನೆ. ಇಷ್ಟು ಬಿಸಿಲು ಬಿಟ್ಟು, ಒಂದು ಬನಿಯನ್ ಒಣಗಲು ಮೂರು ದಿನ ಬೇಕಾದ ಊರಿಗೆ ಹೋಗುತ್ತೀಯಲ್ಲ ಅಂತ ಇಲ್ಲಿಯವರು ನಗುತ್ತಾರೆ. ನಗಲಿ.

ಹೋದ ಸಲದ ಕಥೆ ನೆನಪಿದೆ ತಾನೆ? ಮೂವರಿಗೂ ಸೇರಿ ಹನ್ನೊಂದು ಜೀನ್ಸ್ ಹೊತ್ತು ತಂದಿದ್ದೆ. ಒಗೆದು ಹಿಂಡಿ ಜಗಲಿಯಲ್ಲಿ ಹಾಕಿದರೆ ಎರಡು ದಿನವಾದರೂ ಸೊಂಟದ ಪಟ್ಟಿ, ಜೇಬು ಒದ್ದೆ ಒದ್ದೆ. ಕೊನೆಗೆ ನೀನು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದೆ. ಒಣಗಿತು, ಆದರೆ ಹೊಗೆ ಕುಡಿದು. ಇಲ್ಲಿಗೆ ಬಂದ ಮೇಲೂ ಆ ವಾಸನೆ ಹೋಗಲಿಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನವಳು ಮೂಗು ಅರಳಿಸಿ, "ಹೊಗೆ ಹಾಕಿದ ಮೀನು ತಿಂದು ಬಂದೆಯಾ?" ಅಂದಳು. ಇಲ್ಲಿ ಅದು ಹೊಗಳಿಕೆ. ನಾನೂ ಹೂಂ ಅಂದೆ.

ಈ ಸಲ ಜೀನ್ಸ್ ಬೇಡವೇ ಬೇಡ. ಒಬ್ಬರಿಗೆ ಆರೇ ಜೊತೆ. ಐದು ವಾರಕ್ಕೆ ಆರು ಸಾಲುತ್ತದಾ ಅಂತ ಕೇಳಬೇಡ, ಸಾಲುತ್ತದೆ. ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಒಗೆದುಕೊಂಡರೆ ರಾಶಿ ಬೀಳುವುದಿಲ್ಲ. ಹತ್ತಿ ಬಟ್ಟೆ ನೀರು ಕುಡಿದು ಕೂರುತ್ತದೆ, ಪಾಲಿಯೆಸ್ಟರ್ ಕುಡಿಯುವುದಿಲ್ಲ. ಅದಕ್ಕೆ ಟೆನಿಸ್ ಆಡುವವರು ಹಾಕುವಂಥ ತೆಳು ಪ್ಯಾಂಟು ಎರಡೆರಡು ತೆಗೆದುಕೊಂಡಿದ್ದೇನೆ. ನೀನು ನೋಡಿ "ಇದೇನು ಲಂಗದ ಬಟ್ಟೆ" ಅಂತೀಯ, ಅನ್ನು. ಇನ್ನೊಂದು ಉಪಾಯ ಕಲಿತಿದ್ದೇನೆ. ಒಗೆದ ಬಟ್ಟೆಯನ್ನು ಒಣಗಿದ ಟವೆಲಿನ ಮೇಲೆ ಹಾಸಿ, ಚಾಪೆ ಥರ ಸುತ್ತಿ, ಅದರ ಮೇಲೆ ನಿಂತು ತುಳಿಯುವುದು. ಹಿಂಡಿದಾಗ ಬರದ ನೀರೂ ಟವೆಲಿಗೆ ಬರುತ್ತದೆ. ತುಳಿಯುವ ಕೆಲಸ ಚಿನ್ನುಗೆ. ಆಷಾಢ ಬರುತ್ತದೆ, ಮದುವೆಮನೆ ಇಲ್ಲ, ಹಾಗಾಗಿ ರೇಷ್ಮೆ ಸೀರೆ ತರುವುದಿಲ್ಲ. ಆ ತಂಡಿಯಲ್ಲಿ ಬೂಷ್ಟು ಹಿಡಿಸುವುದಕ್ಕಾ? ನನ್ನ ಬೀರುವಿನಲ್ಲಿರುವ ಸೀರೆಗಳನ್ನು ಒಂದು ಸಲ ಮಡಿಕೆ ಬದಲಿಸಿಡು. ನುಸಿಗುಳಿಗೆ ನೇರವಾಗಿ ಸೀರೆಗೆ ತಾಗದ ಹಾಗೆ ನೋಡಿಕೋ.

ಒಂದೊಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರುತ್ತದೆ. ಹೋದ ಸಲ ಪೆಟ್ಟಿಗೆ ಮೂರು ದಿನ ತಡವಾಗಿ ಬಂದು, ಇವರು ಅಪ್ಪಾಜಿ ಪಂಚೆ ಉಟ್ಟು ಓಡಾಡಿದ್ದು ಸಾಕು. ಆಗ ಅಪ್ಪಾಜಿ ಅಂಗಿ ಇವರಿಗೆ ಎಷ್ಟು ದೊಡ್ಡದಾಗಿತ್ತು, ನೆನಪಿದೆಯಾ? ಭುಜ ಇಳಿದು ಮೊಣಕೈ ಹತ್ತಿರ ಬಂದಿತ್ತು.

ಈಗ ಆ ವಿಷಯಕ್ಕೇ ಬರುತ್ತೇನೆ. ಇರು, ಮೊದಲ ಮಿಷನ್ ನಿಂತಿತು. ತೆಗೆದು ಬರುತ್ತೇನೆ.

ಬಂದೆ. ನಾನು ಇದನ್ನು ಬರೆಯುತ್ತಿರುವುದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ. ಇಲ್ಲಿ ಬಹಳ ಮನೆಗಳಲ್ಲಿ ಸ್ವಂತ ವಾಷಿಂಗ್ ಮಿಷನ್ ಇಲ್ಲ. ಕಟ್ಟಡಕ್ಕೆಲ್ಲ ಸೇರಿ ಒಂದು ಒಗೆಯುವ ಕೋಣೆ. ಬಾಗಿಲ ಹತ್ತಿರ ಒಂದು ಬೋರ್ಡು, ಅದರಲ್ಲಿ ದಿನ, ಗಂಟೆಯ ಲೆಕ್ಕದಲ್ಲಿ ತೂತುಗಳು. ನಮ್ಮ ಮನೆ ನಂಬರಿನ ಪುಟ್ಟ ಬೀಗವನ್ನು ಬೇಕಾದ ಹೊತ್ತಿನ ತೂತಿಗೆ ಸಿಕ್ಕಿಸಿ ತಿರುಗಿಸಿದರೆ ಆ ಹೊತ್ತು ನಮ್ಮದು. ಈಗ ಎಲ್ಲರೂ ರಜೆಗೆ ಹೊರಡುವವರೇ ಆದ್ದರಿಂದ ಬೋರ್ಡು ತುಂಬಿದೆ. ನನಗೆ ಸಿಕ್ಕಿದ್ದು ಭಾನುವಾರ ಬೆಳಿಗ್ಗೆ ಏಳರಿಂದ ಹತ್ತು. ಅರ್ಧ ಗಂಟೆ ತಡವಾದರೆ ಬೇರೆಯವರು ನುಗ್ಗಬಹುದು. ಡ್ರೈಯರಿನ ಜಾಲರಿಯಲ್ಲಿ ದೂಳು ಬಿಟ್ಟು ಹೋದರೆ ಮಾರನೇ ದಿನ ಗೋಡೆಗೆ ಚೀಟಿ. ಎದುರು ಸಿಕ್ಕರೆ ನಗುತ್ತಾರೆ, ಬೈಯುವುದು ಮಾತ್ರ ಚೀಟಿಯಲ್ಲಿ. ನಮ್ಮ ಹೊಳೆಕಲ್ಲಿನ ಮೇಲೆ ನಡೆಯುತ್ತಿದ್ದ ಜಗಳ ಇದಕ್ಕಿಂತ ಎಷ್ಟೋ ವಾಸಿ, ಅಲ್ಲೇ ಮುಗಿಯುತ್ತಿತ್ತು. ಆದರೆ ಬಿಸಿಗಾಳಿಯ ಬೀರು ಒಂದಿದೆ ನೋಡು, ಅದನ್ನು ಹೊತ್ತು ತರುವ ಹಾಗಿದ್ದರೆ ಬಟ್ಟೆ ಎಲ್ಲ ಬಿಟ್ಟು ಅದೊಂದನ್ನೇ ತರುತ್ತಿದ್ದೆ. ಒದ್ದೆ ಬಟ್ಟೆ ನೇತುಹಾಕಿ ಬಾಗಿಲು ಮುಚ್ಚಿದರೆ ಮುಗಿಯಿತು.

ಸುತ್ತಿ ಬಳಸಿ ಹೇಳುತ್ತಿದ್ದೇನೆ, ಅಲ್ವಾ.

ಅಪ್ಪಾಜಿಗೆ ಅಂಗಿ ತರೋಣ ಅಂತ ಅಳತೆ ಕೇಳಿದ್ದೆ. ನೀನು "ಕಾಲರ್ 39" ಅಂತ ಬರೆದಿದ್ದೀಯ. ಮೊದಲು ಕೈತಪ್ಪಿ ಬರೆದಿರಬೇಕು ಅಂದುಕೊಂಡೆ. ನನಗೆ ಬುದ್ಧಿ ಬಂದಾಗಿನಿಂದ ಅಪ್ಪಾಜಿಗೆ 42. ಆದರೆ ಅದರ ಕೆಳಗೇ ಬರೆದಿದ್ದೀಯ, ಎರಡು ಪ್ಯಾಂಟಿನ ಸೊಂಟ ಹಿಡಿಸಿದ್ದೇನೆ ಅಂತ. ಅದರ ಕೆಳಗೆ, "ನಿಮ್ಮಪ್ಪ ಮೊಳೆ ಕಾಯಿಸಿ ಬೆಲ್ಟಿಗೆ ಇನ್ನೊಂದು ತೂತು ಮಾಡಿಕೊಂಡರು" ಅಂತ. ಹಲಸಿನಕಾಯಿ ಹಪ್ಪಳದ ವಿಷಯದ ಜೊತೆಗೇ ಬರೆದುಬಿಟ್ಟಿದ್ದೀಯ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ.

"ಅಂಗಿಗಳೇ ಒಗೆದು ಒಗೆದು ಜೋಲು ಬಿದ್ದಿವೆ ಅಂತಾರೆ" ಅಂತ ಬೇರೆ. ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತದೆ ಅಮ್ಮ, ಹಿಗ್ಗುವುದಿಲ್ಲ. ನನ್ನ ಅರ್ಧ ಭಾನುವಾರ ಹೋಗುವುದು ಇದೇ ಕೆಲಸಕ್ಕೆ. ಬಟ್ಟೆ ವಿಷಯ ನನಗೆ ಹೇಳಬೇಡಿ ಅಂತ ಅಪ್ಪಾಜಿಗೆ ಹೇಳು. ಬೇಡ, ಹೇಳಬೇಡ.

ಅತ್ತಿಗೆಯನ್ನು ಕೇಳಿದೆ. ಅವರು ನಿನ್ನ ಹಾಗೆ ಮುಚ್ಚಿಡಲಿಲ್ಲ. ರಾತ್ರಿ ಎರಡು ಮೂರು ಸಲ ಏಳುತ್ತಾರೆ, ಚೊಂಬು ಚೊಂಬು ನೀರು ಕುಡಿಯುತ್ತಾರೆ, ಊಟವೇನೂ ಕಮ್ಮಿಯಾಗಿಲ್ಲ ಅಂದರು. ಊಟ ಸೇರುತ್ತದೆ, ಆದರೂ ಮೈ ಇಳಿಯುತ್ತಿದೆ. ದೊಡ್ಡಪ್ಪನಿಗೂ ಹೀಗೇ ಅಲ್ವಾ ಶುರುವಾಗಿದ್ದು? "ಮೈ ಹಗುರಾಯ್ತು" ಅಂತ ಖುಷಿಯಾಗಿದ್ದರು. ಆಮೇಲೆ ಕಾಲ್ಬೆರಳಿನ ಗಾಯ ಮಾಯಲಿಲ್ಲ. ಮುಂದಿನದು ನಿನಗೇ ಗೊತ್ತು.

ನೀನು ಗಾಬರಿ ಆಗಬೇಡ. ಗಾಬರಿ ಆಗುವಂಥದ್ದು ಏನೂ ಇಲ್ಲ. ನನಗೂ ಗಾಬರಿ ಇಲ್ಲ. ಶುಗರ್ ಅಂತಲೇ ಇಟ್ಟುಕೊಂಡರೂ ಮಾತ್ರೆ, ಊಟದಲ್ಲಿ ಹಿಡಿತ, ಅಷ್ಟೇ. ಬೇಗ ಗೊತ್ತಾದರೆ ಏನೂ ಕಷ್ಟವಿಲ್ಲ. ಥೈರಾಯ್ಡ್ ಇದ್ದರೂ ತೂಕ ಇಳಿಯುತ್ತದಂತೆ. ಬೇರೆ ಏನೇನೋ ಕಾರಣವೂ ಇರಬಹುದು, ಅದೆಲ್ಲ ಡಾಕ್ಟರು ನೋಡಿಕೊಳ್ಳಲಿ. ಸುಮ್ನೆ ನಾವೇ ಊಹೆ ಮಾಡಿಕೊಂಡು ಕೂರುವುದು ಬೇಡ ಅಂತ ಅಷ್ಟೇ ನಾನು ಹೇಳುವುದು.

ನಿನ್ನೆ ರಾತ್ರಿ ಪೆಟ್ಟಿಗೆ ತೂಗುತ್ತಿದ್ದೆ. ಒಬ್ಬರಿಗೆ 23 ಕೆ.ಜಿ. ಬಿಡುತ್ತಾರೆ. ಬಚ್ಚಲಿನ ತೂಕದ ಮಿಷನ್ ಮೇಲೆ ಪೆಟ್ಟಿಗೆ ಎತ್ತಿಕೊಂಡು ನಿಂತು, ನನ್ನ ತೂಕ ಕಳೆದು ಲೆಕ್ಕ ಹಾಕುವುದು. ಒಂದು 21 ಕೆ.ಜಿ. 400 ಗ್ರಾಂ. ಇನ್ನೊಂದರಲ್ಲಿ ಚಿನ್ನು ಗಂಬೂಟು ತೆಗೆದರೆ ಸರಿಯಾಗಿ 20. ಪೆಟ್ಟಿಗೆಯದು ಗ್ರಾಂ ಲೆಕ್ಕದಲ್ಲಿ ಗೊತ್ತು. ಅಪ್ಪಾಜಿ ಈಗ ಎಷ್ಟಿದ್ದಾರೆ ಅಂತ ಮಾತ್ರ ಮನೆಯಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ.

ಜನವರಿಯಲ್ಲಿ ಕಾಫಿ ತೂಗುವ ತಕ್ಕಡಿ ಮೇಲೆ ಅಪ್ಪು ಎಲ್ಲರನ್ನೂ ನಿಲ್ಲಿಸಿ ವಿಡಿಯೊ ಮಾಡಿದ್ದನಲ್ಲ, ಹುಡುಕಿ ನೋಡಿದೆ. ಅಪ್ಪಾಜಿ 76. ಅದೇ ತಕ್ಕಡಿ ಮೇಲೆ ಇವತ್ತು ಮತ್ತೆ ನಿಲ್ಲಿಸಿ. ಅಪ್ಪು ಆಟ ಅಂತ ಕರೆದರೆ ನಿಲ್ಲುತ್ತಾರೆ, ನೀನು ಕರೆದರೆ ನಿಲ್ಲುವುದಿಲ್ಲ. ಬೇಕು ಅಂತ ಕಮ್ಮಿ ಮಾಡಿಕೊಳ್ಳದೆ, ಆರೇಳು ತಿಂಗಳಿನಲ್ಲಿ ನೂರಕ್ಕೆ ಐದು ಪಾಲು ತೂಕ ತಾನಾಗಿ ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. 76ಕ್ಕೆ ಐದು ಪಾಲು ಅಂದರೆ ನಾಲ್ಕು ಕೆ.ಜಿ. ಕೂಡ ಆಗುವುದಿಲ್ಲ. ಮೂರು ನಂಬರ್ ಕಾಲರ್ ಇಳಿದಿದೆ ಅಂದರೆ ನನಗೇನೋ ಅದಕ್ಕಿಂತ ಜಾಸ್ತಿಯೇ ಇಳಿದ ಹಾಗೆ ಕಾಣುತ್ತದೆ.

"ಮಳೆ ನಿಲ್ಲಲಿ, ಹಾಸನಕ್ಕೆ ಹೋದರಾಯ್ತು" ಅಂತಾರೆ, ಗೊತ್ತು. ಮಳೆ ನಿಲ್ಲುವುದು ಸೆಪ್ಟೆಂಬರಿಗೆ. ನಾವು ಬರುವವರೆಗೂ ಕಾಯಬೇಡಿ. ನಾನು ಯೋಚಿಸಿದ್ದು ಹೀಗೆ. ಗುರುವಾರ ಅಣ್ಣ ಹೇಗೂ ಗೊಬ್ಬರಕ್ಕೆ ಅಂತ ಹೋಗುತ್ತಾನೆ. ಅಪ್ಪಾಜಿಯನ್ನು ಅಂಗಿ ಬಟ್ಟೆ ಆರಿಸಲು ಅಂತ ಜೊತೆಗೆ ಕರೆದುಕೊಂಡು ಹೋಗಲಿ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಾದರೂ ಸರಿ, ಹಾಸನದ ಹಿಮ್ಸ್ ಆದರೂ ಸರಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂದರೆ ಬೆಳಗಿನ ಕಾಫಿ ತಪ್ಪಿಸಬೇಕು, ಅದು ನಿನ್ನ ಕೈಲಿ ಆಗುವ ಕೆಲಸವಲ್ಲ. ಕಾಫಿ ಕೊಡದಿದ್ದರೆ ಅಲ್ಲೇ ಗುಟ್ಟು ರಟ್ಟು. ಆದರೆ ಎಚ್‌ಬಿಎ1ಸಿ ಅಂತ ಒಂದು ಟೆಸ್ಟ್ ಇದೆ. ಮೂರು ತಿಂಗಳ ಸಕ್ಕರೆಯ ಲೆಕ್ಕ ಒಟ್ಟಿಗೆ ಹೇಳುತ್ತದೆ. ಅದಕ್ಕೆ ಉಪವಾಸ ಬೇಡ. ಕಾಫಿ ಕುಡಿದು, ಕಡುಬು ತಿಂದು ಹೋದರೂ ನಡೆಯುತ್ತದೆ. 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಶುಗರ್ ಅಂತ ಲೆಕ್ಕ. ಹೆಸರನ್ನು ಅತ್ತಿಗೆ ಚೀಟಿಯಲ್ಲಿ ಬರೆದು ಅಣ್ಣನ ಜೇಬಿಗೆ ಹಾಕಲಿ. ಅವನು ಮರೆಯುತ್ತಾನೆ. ಖರ್ಚಿನ ಮಾತೇ ಬೇಡ, ಅತ್ತಿಗೆ ಅಕೌಂಟಿಗೆ ದುಡ್ಡು ಹಾಕಿದ್ದೇನೆ. ಅಪ್ಪಾಜಿಗೆ ಹೇಳಬೇಡಿ, ವಾಪಸ್ ಕಳಿಸು ಅಂತಾರೆ.

ರಿಪೋರ್ಟ್ ಬರುವವರೆಗೆ ಅವರ ಕಾಲು ನೋಡಿಕೋ. ಒದ್ದೆ ಗಂಬೂಟಿನಲ್ಲಿ ದಿನವಿಡೀ ತೋಟ ಸುತ್ತುವುದು ಬೇಡ. ಜಿಗಣೆ ಕಚ್ಚಿದ ಜಾಗ ಕೆರೆದುಕೊಳ್ಳುವುದು ಬೇಡ. ಆರು ಜೊತೆ ಉಣ್ಣೆಯ ಕಾಲುಚೀಲ ತರುತ್ತಿದ್ದೇನೆ. ಒದ್ದೆಯಾದರೂ ಸ್ವಲ್ಪ ಬೆಚ್ಚಗಿರುತ್ತದೆ. ಅದನ್ನು ಬಿಸಿನೀರಿಗೆ ಹಾಕಬೇಡ, ಮಗುವಿನ ಕಾಲಿಗೂ ಆಗದಷ್ಟು ಕುಗ್ಗುತ್ತದೆ. ಜಿಗಣೆಯ ರಕ್ತದ ಕಲೆಗೂ ತಣ್ಣೀರೇ, ಬಿಸಿನೀರು ಹಾಕಿದರೆ ಕಲೆ ಗಟ್ಟಿಯಾಗಿ ಕೂರುತ್ತದೆ. ಹೋದ ಸಲ ಇವರ ಬಿಳಿ ಪ್ಯಾಂಟು ಹಾಳಾಗಿದ್ದು ಹಾಗೇ, ನೀನು ಪ್ರೀತಿಯಿಂದ ಹಂಡೆ ನೀರಿನಲ್ಲಿ ನೆನೆಹಾಕಿದ್ದೆ. ಇವರು ಇದುವರೆಗೂ ಬಾಯಿ ಬಿಟ್ಟಿಲ್ಲ. ನಾನೂ ಹೇಳಬಾರದು ಅಂತಿದ್ದೆ.

ಅಂಗಿ ವಿಷಯ. ನಿನ್ನ ಕಾಗದ ಬರುವ ಮೊದಲೇ 42ರ ಎರಡು ತೆಗೆದುಬಿಟ್ಟಿದ್ದೆ, ನೀಲಿ ಚೌಕಳಿಯದು ಒಂದು, ತಿಳಿ ಹಸಿರು ಒಂದು. ಇವರು "ಬದಲಾಯಿಸಿಕೊಂಡು ಬಾ, ಬಿಲ್ ಇದೆಯಲ್ಲ" ಅಂದರು. ಬಿಲ್ ಇದೆ. ನಿನ್ನೆ ಅಂಗಡಿ ತನಕ ಹೋಗಿ 39ರದ್ದು ಒಂದು ಕೊಂಡುಕೊಂಡೆ. ಅವೆರಡನ್ನು ಬದಲಾಯಿಸಲಿಲ್ಲ. ಪೆಟ್ಟಿಗೆಯ ತಳದಲ್ಲಿ ಹಾಸಿದ್ದೇನೆ, ಇರಲಿ. 400 ಗ್ರಾಂ ಜಾಸ್ತಿಯಾಗುತ್ತದೆ, ಅಷ್ಟೇ.

ಎರಡನೇ ಮಿಷನ್ನೂ ನಿಂತಿತು. ಹತ್ತಕ್ಕೆ ಇನ್ನು ಹದಿನೈದು ನಿಮಿಷ. ಮುಂದಿನವರು ಆಗಲೇ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು ನಗುತ್ತಿದ್ದಾರೆ. ಜಾಲರಿ ಬಳಿಯಬೇಕು, ಇಲ್ಲದಿದ್ದರೆ ಚೀಟಿ.

ಅಣ್ಣನಿಗೆ ಬೆಂಗಳೂರಿಗೆ ಕಾರು ತರುವಾಗ ನಿಧಾನ ಅಂತ ಹೇಳು. ಮಳೆ ಜೋರಿದ್ದರೆ ಬರುವುದೇ ಬೇಡ, ಹಾಸನದ ತನಕ ರೈಲಿನಲ್ಲಿ ಬರುತ್ತೇವೆ. ಸೌದೆ ಒಣಗಿದ್ದು ಇಟ್ಟಿರು. ಅಜ್ಜಿಗೆ, ಅತ್ತಿಗೆಗೆ, ಅಪ್ಪುಗೆ ಕೇಳಿದೆ ಅಂತ ಹೇಳು. ಅಪ್ಪಾಜಿಗೂ. ಗುರುವಾರ ಸಂಜೆ ರಿಪೋರ್ಟಿನ ಫೋಟೊ ಕಳಿಸಿ, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ, ಇಲ್ಲಿ ಹೇಗೂ ಕತ್ತಲೇ ಆಗುವುದಿಲ್ಲ. ಗಾಬರಿ ಬೇಡ.

ನಿನ್ನ ಮಗಳು

ತೂಕ ಮಾತ್ರ ಇವತ್ತೇ ನೋಡಿ. ಗುರುವಾರದ ತನಕ ಬಿಡಬೇಡಿ.