ಮಗಳಿಗೊಂದು ಪತ್ರ: ಎಲ್ಲರ ಕಾಡಿಗೆ ಹೊರಟವಳಿಗೆ

ಪ್ರೀತಿಯ ಪುಟ್ಟಿಗೆ,

ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ನೀನೂ ನಿನ್ನ ಗೆಳತಿಯೂ ಅಮೆರಿಕದ ಈ ವಿಸ್ಕಾನ್ಸಿನ್ ರಾಜ್ಯದ ಶೆವಾಮೆಗನ್-ನಿಕೊಲೆ ಕಾಡಿಗೆ ಜಿಂಕೆ ಶಿಕಾರಿಗೆ ಹೊರಡುತ್ತೀರಿ ಅಂತ ನಿನ್ನಮ್ಮ ಹೇಳಿದಳು. ನನಗೆ ಖುಷಿಯೇ. ಕೋವಿಯ ವಿಷಯದಲ್ಲಿ ನಾನು ಹೊಸದಾಗಿ ಹೇಳಬೇಕಾದ್ದೇನೂ ಉಳಿದಿಲ್ಲ. ಹಂಟರ್ ಎಜುಕೇಶನ್ ತರಗತಿಯ ನಾಲ್ಕು ನಿಯಮಗಳನ್ನು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೀಯ. ಆದರೆ ಇಷ್ಟು ವರ್ಷ ನಾವು ಹೋಗುತ್ತಿದ್ದದ್ದು ಪರಿಚಯದವರ ಹೊಲದಂಚಿನ ಕಾಡಿಗೆ. ಅಲ್ಲಿ ಎದುರಾದವರೆಲ್ಲ ಹೆಸರು ಹಿಡಿದು ಕರೆಯುವವರು. ಇದು 15 ಲಕ್ಷ ಎಕರೆಯ ಸರ್ಕಾರಿ ಕಾಡು, ಲೈಸೆನ್ಸ್ ಇದ್ದವರೆಲ್ಲ ಬರಬಹುದು. ಆ ಶನಿವಾರದಿಂದ ಶುರುವಾಗುವ ಒಂಬತ್ತು ದಿನಗಳ ಜಿಂಕೆ ಸೀಸನ್ನಿನಲ್ಲಿ ವಿಸ್ಕಾನ್ಸಿನ್‌ನಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಜನ ಕೋವಿ ಹಿಡಿದು ಹೊರಡುತ್ತಾರೆ. ಆ ಜನರ ನಡುವೆ ಹೇಗಿರಬೇಕು ಅನ್ನುವುದಕ್ಕೇ ಈ ಕಾಗದ.

ನಸುಕಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಬಂದಾಗ ಅಲ್ಲಿ ಆಗಲೇ ಒಂದು ಪಿಕಪ್ ನಿಂತಿದ್ದರೆ ಅದರ ಗಾಜು ನೋಡು. ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿದ್ದರೆ ಅವರು ಒಳಗೆ ಹೋಗಿ ಬಹಳ ಹೊತ್ತಾಗಿದೆ, ಎಲ್ಲೋ ಮರದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಾರೆ. ಅದೇ ದಾರಿಯಲ್ಲಿ ನೀನು ನಡೆದು ಹೋದರೆ ಅವರ ಬೆಳಗೆಲ್ಲ ಹಾಳು. ಮೊದಲು ಬಂದವರದು ಆ ತಾವು. ಇನ್ನೊಂದು ಜಾಗಕ್ಕೆ ಹೋಗು. ಅದಕ್ಕೇ ಹಿಂದಿನ ದಿನವೇ ನಕ್ಷೆಯಲ್ಲಿ ಮೂರು ನಾಲ್ಕು ಜಾಗ ಗುರುತು ಹಾಕಿಕೊಂಡಿರಬೇಕು. ಒಂದೇ ಜಾಗ ನೆಚ್ಚಿಕೊಂಡು ಬಂದವರಿಗೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ, ಜಗಳ ಶುರುವಾಗುವುದೂ ಅಲ್ಲಿಂದಲೇ. ಅವರು ಇನ್ನೂ ಗಾಡಿಯ ಹತ್ತಿರವೇ ಇದ್ದರೆ ಇನ್ನೂ ಒಳ್ಳೆಯದು. ಹೋಗಿ ನಮಸ್ಕಾರ ಹೇಳಿ, "ನೀವು ಯಾವ ಕಡೆ ಹೋಗುತ್ತೀರಿ, ನಾವು ಆಚೆ ಕಡೆ ಹೋಗುತ್ತೇವೆ" ಅನ್ನು. ಎರಡು ನಿಮಿಷದ ಮಾತು. ಯಾರ ಗುಂಡು ಯಾವ ದಿಕ್ಕಿಗೆ ಹೋಗಬಾರದು ಅನ್ನುವುದು ಇಬ್ಬರಿಗೂ ಗೊತ್ತಾಗುತ್ತದೆ.

ಕತ್ತಲಲ್ಲಿ ನಡೆಯುವಾಗ ತಲೆದೀಪ ಹಚ್ಚಿಕೊಂಡೇ ನಡೆ. ಜಿಂಕೆ ಬೆದರುತ್ತದೆ ಅಂತ ಆರಿಸುವವರಿದ್ದಾರೆ, ಅವರ ಮಾತು ಕೇಳಬೇಡ. ಸೊಂಟದಿಂದ ಮೇಲಿನ ಹೊರಬಟ್ಟೆಯಲ್ಲಿ ಅರ್ಧವಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಇರಬೇಕು ಅನ್ನುವುದು ಇಲ್ಲಿಯ ಕಾನೂನು. ಗುಲಾಬಿಗೆ 2016ರಿಂದ ಒಪ್ಪಿಗೆ ಇದೆ. ನೀನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಹಾಕಿಕೊ. ಹಗಲಲ್ಲಿ ಯಾರಾದರೂ ನಿನ್ನ ಕಡೆಗೇ ಬರುವುದು ಕಂಡರೆ ಗಟ್ಟಿಯಾಗಿ ಮಾತಾಡಿ ಗೊತ್ತುಮಾಡು. ಶಿಳ್ಳೆ, ಪ್ರಾಣಿಯ ಸದ್ದು ಏನೂ ಬೇಡ, ಮನುಷ್ಯರ ಮಾತೇ ಆಗಬೇಕು. ಇನ್ನೊಂದು, ಇದನ್ನು ಮರೆಯಲೇಬಾರದು: ದೂರದಲ್ಲಿ ಏನೋ ಅಲುಗಿತು ಅಂತ ಕೋವಿಯ ಸ್ಕೋಪಿನಲ್ಲಿ ಇಣುಕಬೇಡ. ಸ್ಕೋಪು ಯಾವ ಕಡೆಗೆ ತಿರುಗುತ್ತದೋ ನಳಿಗೆಯೂ ಆ ಕಡೆಗೇ ತಿರುಗುತ್ತದೆ, ಅಲುಗಿದ್ದು ಒಬ್ಬ ಮನುಷ್ಯನಾಗಿರಬಹುದು. ನನ್ನ ದುರ್ಬೀನು ಕೊಟ್ಟು ಕಳಿಸುತ್ತಿರುವುದು ಅದಕ್ಕೇ.

ಮರದ ಮೇಲೆ ಬೇರೆಯವರು ಕಟ್ಟಿಟ್ಟ ಅಟ್ಟಣೆ ಖಾಲಿ ಕಂಡರೆ ಹತ್ತಬೇಡ. ನಮ್ಮ ಮಲೆನಾಡಿನಲ್ಲಿ ಮರಸು ಕೂರುತ್ತಿದ್ದ ಕಾಲದಲ್ಲೂ ಒಬ್ಬರ ಮರಕ್ಕೆ ಇನ್ನೊಬ್ಬರು ಕೈಹಾಕುತ್ತಿರಲಿಲ್ಲ. 2004ರ ನವೆಂಬರ್ 21ರಂದು ಇದೇ ಸೀಸನ್ನಿನ ಎರಡನೆಯ ದಿನ, ಸಾಯರ್ ಕೌಂಟಿಯಲ್ಲಿ, ಖಾಸಗಿ ಜಮೀನಿನ ಅಟ್ಟಣೆಯಲ್ಲಿ ಕೂತಿದ್ದ, ಲಾವೋಸ್ ಕಡೆಯಿಂದ ವಲಸೆ ಬಂದ ಹ್ಮಾಂಗ್ ಜನಾಂಗದ ಒಬ್ಬ ಬೇಟೆಗಾರನಿಗೂ ಆ ಜಮೀನಿನ ಕಡೆಯವರಿಗೂ ಮಾತಿಗೆ ಮಾತು ಬೆಳೆದು, ಅವನ ಗುಂಡಿಗೆ ಆರು ಜನ ಸತ್ತರು. ಜನಾಂಗದ ಹೆಸರು ಹಿಡಿದು ಬೈದರು ಅಂತ ಅವನು ಕೋರ್ಟಿನಲ್ಲಿ ಹೇಳಿದ. ಆರು ಪ್ರಾಣಕ್ಕೆ ಅದು ಉತ್ತರವಾಗುವುದಿಲ್ಲ. 2007ರ ಜನವರಿಯಲ್ಲಿ ಪೆಶ್ಟಿಗೋ ಹತ್ತಿರದ ಸರ್ಕಾರಿ ಕಾಡಿನಲ್ಲಿ ಇನ್ನೊಬ್ಬ ಹ್ಮಾಂಗ್ ಬೇಟೆಗಾರನನ್ನು ಬಿಳಿಯ ಬೇಟೆಗಾರನೊಬ್ಬ ಕೊಂದ.

ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ ಮಗಳೇ. ಆ ಕಾಡಿನಲ್ಲಿ ನಿನ್ನ ಮೈಬಣ್ಣದವರು ಕಡಿಮೆ, ಹೆಣ್ಣುಮಕ್ಕಳೂ ಕಡಿಮೆ. ಯಾರಾದರೂ "ನಿಮಗೆ ಇಲ್ಲಿ ಏನು ಕೆಲಸ" ಅನ್ನುವ ಹಾಗೆ ನೋಡಬಹುದು. ಅಲ್ಲಿ ನಿಲ್ಲಲು ಅವರಿಗಿರುವಷ್ಟೇ ಹಕ್ಕು ನಿನಗೂ ಇದೆ. ನೀನು ಕೊಂಡ ಒಂದೊಂದು ತೋಟಾದ ಮೇಲೂ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಶೇ. 11ರ ತೆರಿಗೆ ಸೇರಿದೆ, ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ತಲೆತಗ್ಗಿಸುವ ಅಗತ್ಯವೇ ಇಲ್ಲ. ಆದರೆ ಇಬ್ಬರ ಕೈಯಲ್ಲೂ ಕೋವಿ ಇರುವಾಗ ವಾದಕ್ಕೆ ನಿಲ್ಲಬೇಡ. ದನಿ ಏರುವ ಮುಂಚೆಯೇ ಹೊರಟುಬಿಡು. ಗಾಡಿಯ ನಂಬರು ನೆನಪಿಟ್ಟುಕೊ, ಬೇಟೆಯ ಕಾನೂನು ನೋಡಿಕೊಳ್ಳುವ ವಾರ್ಡನ್‌ಗೆ ಫೋನು ಮಾಡು. ಬೇಟೆಗಾರರಿಗೆ ಬೇಕೆಂದೇ ಅಡ್ಡಿಮಾಡುವುದು ಈ ರಾಜ್ಯದಲ್ಲಿ ಅಪರಾಧ.

ಗಡಿಯ ಬಗ್ಗೆ ಒಂದು ಮಾತು. ಇಲ್ಲಿ ಖಾಸಗಿ ಜಮೀನಿಗೆ ಬೋರ್ಡು ಹಾಕಿರಲೇಬೇಕು ಅಂತಿಲ್ಲ. ಬೋರ್ಡಿಲ್ಲ ಅಂದ ಮಾತ್ರಕ್ಕೆ ಒಳಗೆ ಕಾಲಿಡುವಂತಿಲ್ಲ. ಫೋನಿನ ನಕ್ಷೆ ನೋಡಿಕೊಂಡೇ ನಡೆ, ಸಿಗ್ನಲ್ ಸಿಗದ ಕಡೆಗೂ ಆಗುವಂತೆ ಮನೆಯಲ್ಲೇ ಇಳಿಸಿಟ್ಟುಕೊ. ನೀನು ಹೊಡೆದ ಜಿಂಕೆ ಗಡಿ ದಾಟಿ ಬಿದ್ದರೆ ಮೊದಲು ಆ ಮನೆಯ ಬಾಗಿಲು ತಟ್ಟು.

ಉತ್ತರದ ಆ ಕಾಡಿನಲ್ಲಿ ಇಲ್ಲಿಯ ಮೂಲನಿವಾಸಿಗಳಾದ ಓಜಿಬ್ವೆ ಜನರೂ ಶಿಕಾರಿ ಮಾಡುತ್ತಾರೆ. ಅವರ ದಿನಗಳೂ ನಿಯಮಗಳೂ ನಮ್ಮವಕ್ಕಿಂತ ಬೇರೆ. ಅದನ್ನು ರಿಯಾಯಿತಿ ಅನ್ನುವವರು ನಿನಗೆ ಸಿಕ್ಕೇ ಸಿಗುತ್ತಾರೆ. 1837 ಮತ್ತು 1842ರ ಒಪ್ಪಂದಗಳಲ್ಲಿ ಓಜಿಬ್ವೆಗಳು ಅಮೆರಿಕ ಸರ್ಕಾರಕ್ಕೆ ಈ ನೆಲ ಬಿಟ್ಟುಕೊಟ್ಟಾಗ ಬೇಟೆ, ಮೀನು, ಕಾಡಿನ ಬೆಳೆಯ ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡರು. 1983ರಲ್ಲಿ ಫೆಡರಲ್ ಕೋರ್ಟು ಆ ಹಕ್ಕು ಇನ್ನೂ ಜೀವಂತ ಇದೆ ಅಂತ ತೀರ್ಪು ಕೊಟ್ಟಿತು. ಆಮೇಲೂ ವರ್ಷಗಟ್ಟಲೆ, ವಸಂತದಲ್ಲಿ ಈಟಿ ಹಿಡಿದು ಮೀನಿಗೆ ಹೋದ ಆ ಜನರನ್ನು ವಿರೋಧಿಗಳು ದೋಣಿಗಟ್ಟೆಗಳಲ್ಲಿ ಗುಂಪು ಕಟ್ಟಿಕೊಂಡು ನಿಂದಿಸಿದರು, ಕಲ್ಲು ಹೊಡೆದರು. ಮೊದಲು ಬಂದವರಿಗೆ ತಾವು ಬಿಡಬೇಕು ಅಂತ ಮೇಲೆ ಬರೆದೆನಲ್ಲ, ಈ ಕಾಡಿಗೆ ನಮ್ಮೆಲ್ಲರಿಗಿಂತ ಮೊದಲು ಬಂದವರು ಅವರು.

ಪಾಲಿನ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬರುವ ಮುಂಚೆ ನಿನ್ನ ಅಜ್ಜ ಊರವರ ಜೊತೆ ಹಂದಿ ಶಿಕಾರಿಗೆ ಹೋಗುತ್ತಿದ್ದರು. ಈಗ ಅಲ್ಲಿ ಶಿಕಾರಿ ಅಪರಾಧ, ಅದು ಹಾಗಿರುವುದೇ ಸರಿ. ಆಗೆಲ್ಲ ಈಡು ಹೊಡೆದವನಿಗೆ ಒಂದು ಪಾಲು ಹೆಚ್ಚು, ಸೋವಿ ಪ್ರಾಣಿ ಎಬ್ಬಿಸಿದವರಿಗೆಲ್ಲ ಸಮಪಾಲು, ನಾಯಿಗೂ ಒಂದು ಪಾಲು. ಮನೆಯಂಗಳದಲ್ಲಿ ಬಾಳೆಲೆ ಹಾಸಿ, ಗುಡ್ಡೆ ಹಾಕಿ ಹಂಚುವಾಗ ಅಜ್ಜ ತಮ್ಮ ಪಾಲನ್ನು ಕೊನೆಗೆ ತೆಗೆದುಕೊಳ್ಳುತ್ತಿದ್ದರು. ಸರ್ಕಾರಿ ಕಾಡಿನಲ್ಲಿ ಗುರುತಿಲ್ಲದವರ ನಡುವೆ ಪಾಲಿನ ಪ್ರಶ್ನೆ ಬರುವುದು ಬೇರೆ ರೀತಿ. ನೀನು ಗಾಯಮಾಡಿದ ಜಿಂಕೆ ಓಡಿ ಇನ್ನೊಬ್ಬರ ಮುಂದೆ ಹೋಗಬಹುದು, ಅವರು ಹೊಡೆದು ಬೀಳಿಸಬಹುದು. ಸಾಯುವಂಥ ಮೊದಲ ಏಟು ಯಾರದೋ ಜಿಂಕೆ ಅವರದು ಅನ್ನುವುದು ಬೇಟೆಗಾರರ ನಡುವಿನ ವಾಡಿಕೆ. ಆದರೆ ಹಿಮದ ಮೇಲಿನ ರಕ್ತ ನೋಡಿ ಅದನ್ನು ತೀರ್ಮಾನಿಸುವುದು ಕಷ್ಟ. ಸಂದೇಹ ಇದ್ದರೆ ಅವರಿಗೇ ಬಿಡು. ಬಿಟ್ಟಮೇಲೆ ರಸ್ತೆಯವರೆಗೆ ಎಳೆಯಲು ಒಂದು ಕೈಯೂ ಕೊಡು. ಬೇರೆ ಯಾರಾದರೂ ಒಬ್ಬರೇ ಎಳೆಯುತ್ತಿದ್ದರೂ ಅಷ್ಟೇ, ಕೋವಿ ಖಾಲಿಮಾಡಿ ಹೆಗಲಿಗೆ ಹಾಕಿಕೊಂಡು ಹೋಗಿ ಹಗ್ಗ ಹಿಡಿ.

ಕರುಳು ತೆಗೆಯುವುದಾದರೆ ಕಾಲುದಾರಿಯಿಂದಲೂ ನೀರಿನಿಂದಲೂ ದೂರ ಎಳೆದುಕೊಂಡು ಹೋಗಿ ತೆಗೆ. ಅದೇ ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಬರುವವರಿದ್ದಾರೆ. ಮರಕ್ಕೆ ಮೊಳೆ ಹೊಡೆಯಬೇಡ. ಖಾಲಿ ತೋಟಾ ಜೇಬಿಗೆ ಹಾಕಿಕೊ, ಬೇರೆಯವರು ಬಿಟ್ಟುಹೋದದ್ದು ಕಂಡರೂ ಹಾಕಿಕೊ. ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಬೇಡ. ಯಾರಾದರೂ ನಂಬಿ ತಮ್ಮ ಜಾಗ ತೋರಿಸಿದರೆ ಅದನ್ನು ಇನ್ನೊಬ್ಬರಿಗೆ ಹೇಳಬೇಡ, ಫೋಟೋದಲ್ಲಿ ಹಿಂದಿನ ಗುಡ್ಡವೂ ಕಾಣದಿರಲಿ.

ಜಿಂಕೆ ಸಿಕ್ಕಿದರೆ ಮರುದಿನ ಸಂಜೆ 5ರೊಳಗೆ ನೋಂದಣಿ ಮಾಡಬೇಕು. ತಲೆಯನ್ನು ಪರೀಕ್ಷೆಗೆ ಕೊಡುವುದು ಬಿಡಬೇಡ. 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಕಾಣಿಸಿಕೊಂಡ, ಜಿಂಕೆಯನ್ನು ಸೊರಗಿಸಿ ಕೊಲ್ಲುವ ಸಿಡಬ್ಲ್ಯುಡಿ ರೋಗ ಇನ್ನೂ ಹೋಗಿಲ್ಲ. ಪರೀಕ್ಷೆಗೆ ದುಡ್ಡಿಲ್ಲ, ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿರಲಿ. ಬಂದಮೇಲೆ ನಿನ್ನ ಕಟ್ಟಡದ ಕೆಳಮನೆಯ ಅಜ್ಜಿಗೆ ಒಂದು ಪಾಲು ಕೊಡು, ಅಮ್ಮನ ಹಸಿಮೆಣಸಿನ ಮಸಾಲೆಗೆ ತೊಡೆಯ ಮಾಂಸ ತೆಗೆದಿಡು.

ಎಲ್ಲಿ ಕಾರು ನಿಲ್ಲಿಸುತ್ತೀರಿ, ಯಾವ ಕಡೆ ನಡೆಯುತ್ತೀರಿ ಅನ್ನುವುದನ್ನು ಶುಕ್ರವಾರ ರಾತ್ರಿಯೇ ನಕ್ಷೆಯ ಸಮೇತ ನನಗೆ ಕಳಿಸು. ಬೆಳಿಗ್ಗೆ ಜಾಗ ಬದಲಾದರೆ ಅದನ್ನೂ ತಿಳಿಸು. ಶನಿವಾರ ಕತ್ತಲಾಗಿ ಒಂದು ಗಂಟೆಯೊಳಗೆ ಫೋನು ಬರದಿದ್ದರೆ ನಾನು ಶೆರಿಫ್ ಕಚೇರಿಗೆ ಕರೆಮಾಡುತ್ತೇನೆ, ಆಗ ಬೇಜಾರು ಮಾಡಿಕೊಳ್ಳಬೇಡ.

ನಿನ್ನ,
ಅಪ್ಪ