ಅಮ್ಮಾ, ನಿನಗೆ ಹೇಳಲೇ?

ವಿಯೆನ್ನಾ
ಭಾನುವಾರ ಸಂಜೆ

ಅಮ್ಮಾ,

ಮೊನ್ನೆ ಫೋನಿನಲ್ಲಿ ನೀನು "ಪಿಯಾನೋ ಪಾಠ ಎಲ್ಲಿಗೆ ಬಂತು?" ಅಂತ ಕೇಳಿದೆ. ಅಷ್ಟರಲ್ಲಿ ಅಪ್ಪ ಗ್ಯಾಸ್ ಸಿಲಿಂಡರ್ ವಿಷಯ ತೆಗೆದರು. ಹೇಳುವುದು ಉಳಿದೇ ಹೋಯಿತು, ಅದಕ್ಕೇ ಈ ಪತ್ರ.

ಪುಟ್ಟಿ ಎಲ್‌ಕೆಜಿಯಲ್ಲಿ ಕೈ ತಿರುಗಿಸುತ್ತಾ ಹಾಡುತ್ತಾಳಲ್ಲ, 'ಟ್ವಿಂಕಲ್ ಟ್ವಿಂಕಲ್', ಅದನ್ನೇ ಕಲಿಯುತ್ತಿದ್ದೇನೆ. ನಗಬೇಡ. ಮೊಜಾರ್ಟ್ ಅದೇ ಧಾಟಿಯನ್ನು ಹನ್ನೆರಡು ಬಗೆಯಲ್ಲಿ ಬೆಳೆಸಿದ್ದಾನೆ. 1785ರಲ್ಲಿ ಇದೇ ಊರಿನಲ್ಲಿ ಅಚ್ಚಾಯಿತು. ಆಗಿನ್ನೂ ಆ ಇಂಗ್ಲಿಷ್ ಪದ್ಯವೇ ಇರಲಿಲ್ಲ. ಜೇನ್ ಟೇಲರ್ ಬರೆದ ಆ ಪದ್ಯ ಹೊರಬಂದದ್ದು 1806ರಲ್ಲಿ. ಧಾಟಿ ಮಾತ್ರ ಫ್ರಾನ್ಸಿನ ಹಳೆಯದು. ಅಲ್ಲಿ ಹಾಡು ಶುರುವಾಗುವುದೇ 'ಅಮ್ಮಾ, ನಿನಗೆ ಹೇಳಲೇ' ಅಂತ. ಅಪ್ಪ ದೊಡ್ಡವರ ಹಾಗೆ ಯೋಚನೆ ಮಾಡು ಅಂತಾರೆ, ನನಗೆ ಮಿಠಾಯಿಯೇ ಮೇಲು, ಅನ್ನುತ್ತದೆ ಮಗು. ಥೇಟ್ ನಮ್ಮ ಪುಟ್ಟಿ!

ಸಸ ಪಪ ದದ ಪಾ, ಮಮ ಗಗ ರಿರಿ ಸಾ. ನೀನು ಮಕ್ಕಳಿಗೆ ಹೇಳಿಕೊಡುವ, ದೀಕ್ಷಿತರು ಪಾಶ್ಚಾತ್ಯ ಧಾಟಿಗೆ ಕಟ್ಟಿದ 'ಶ್ಯಾಮಳೇ ಮೀನಾಕ್ಷಿ' ನೊಟ್ಟುಸ್ವರವೂ ಇದೇ ಧಾಟಿ ಅಲ್ವಾ?

ಮೊಜಾರ್ಟ್‌ನ ಹನ್ನೆರಡು ಬಗೆಗಳಲ್ಲಿ ಮೊದಲನೆಯದರಲ್ಲಿ ಬಲಗೈ ಓಡುತ್ತದೆ, ಹೊಡೆತಕ್ಕೆ ನಾಲ್ಕು ಸ್ವರ. ಎರಡನೆಯದರಲ್ಲಿ ಆ ಓಟವೆಲ್ಲ ಎಡಗೈಗೆ. ನನ್ನ ಎಡಗೈಯ ಉಂಗುರದ ಬೆರಳಂತೂ ಮಾತೇ ಕೇಳುವುದಿಲ್ಲ. ಮೂರು ವಾರದಿಂದ ಅಲ್ಲೇ ಇದ್ದೇನೆ. ಹೆಡ್‌ಫೋನ್ ಹಾಕಿಕೊಂಡೇ ನುಡಿಸುವುದು, ಆದರೂ ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಕೀಗಳ ಟಕಟಕ ಸದ್ದು ಅವರಿಗೆ ಕೇಳಿಸುತ್ತದಂತೆ. ಈಗ ಸ್ಟ್ಯಾಂಡಿನ ಕೆಳಗೆ ನೀನು ಕೊಟ್ಟ ಕಂಬಳಿ ಮಡಚಿ ಹಾಕಿದ್ದೇನೆ. ಬೈಬೇಡ.

ಮೂರನೆಯದು ನಿನಗೆ ಇಷ್ಟವಾಗುತ್ತದೆ, ತಿಶ್ರದಲ್ಲಿ ನಡೆಯುತ್ತದೆ, ಹೊಡೆತಕ್ಕೆ ಮೂರು ಸ್ವರ. ಕೊನೆಯದರಲ್ಲಂತೂ ತಾಳವೇ ಬದಲು. ಅಲ್ಲಿವರೆಗೆ ಎರಡೆಣಿಕೆ, ಅಲ್ಲಿ ಮೂರೆಣಿಕೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಎಂಟನೆಯದು. 'ಗ' ಸ್ವರ ಕೆಳಗಿಳಿಯುತ್ತದೆ, ನಮ್ಮ ಲೆಕ್ಕದಲ್ಲಿ ಸಾಧಾರಣ ಗಾಂಧಾರ. ಒಂದು ಕೈ ಶುರು ಮಾಡಿದ್ದನ್ನು ಇನ್ನೊಂದು ಕೈ ಹಿಂದೆಯೇ ಹೇಳುತ್ತಾ ಬರುತ್ತದೆ. ಅದೇ ಹಾಡು, ಆದರೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಹಾಡಿಕೊಂಡ ಹಾಗಿದೆ. ಮೇಷ್ಟ್ರಿಗೆ ಹೇಳದೆ, ನಡುವಿನದೆಲ್ಲ ಬಿಟ್ಟು ಅದನ್ನು ಕದ್ದು ಕಲಿತಿದ್ದೇನೆ.

ಮುಂದಿನ ಭಾನುವಾರ ಪುಟ್ಟಿಯನ್ನು ಫೋನಿನ ಹತ್ತಿರ ಕೂರಿಸಿಕೋ. ಎಂಟನೆಯದನ್ನು ನುಡಿಸುತ್ತೇನೆ. ಯಾವ ಹಾಡು ಅಂತ ನೀನು ಮೊದಲೇ ಹೇಳಿಬಿಡಬೇಡ.

ನಿನ್ನ ಮಗಳು